ಗುರು ಹೇಳಿದ್ದು, ಕಣ್ಣು ಕಂಡದ್ದು

ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದಲ್ಲಿ, ಗುತ್ತಿಯಿಂದ ಪತ್ತಿಕೊಂಡಕ್ಕೆ ಹೋಗುವ ದಾರಿಯ ಬದಿಗೆ, ಜೊನ್ನಗಿರಿಯ ಸಮೀಪ ಎರ್ರಗುಡಿಯ ಬಂಡೆಗಳಿವೆ. ಅಶೋಕನ ಹದಿನಾಲ್ಕು ಪ್ರಧಾನ ಶಾಸನಗಳೂ ಕಿರುಶಾಸನಗಳೂ ಒಂದೇ ಗುಡ್ಡದಲ್ಲಿ ಸಿಗುವ ಅಪರೂಪದ ಜಾಗವಿದು. ಇಲ್ಲಿನ ಕಿರುಶಾಸನದ ಕೆಲವು ಸಾಲುಗಳು ಎಡದಿಂದ ಬಲಕ್ಕೂ ಕೆಲವು ಬಲದಿಂದ ಎಡಕ್ಕೂ ಓಡುತ್ತವೆ, ಉಳುವ ಎತ್ತು ಹೊಲದ ಅಂಚಿನಲ್ಲಿ ತಿರುಗಿ ಮರಳಿ ಬರುವ ಹಾಗೆ. ತೀರ ಹಳೆಯ ಗ್ರೀಕ್ ಶಾಸನಗಳಲ್ಲೂ ಇದೇ ಬಗೆಯ ಬರವಣಿಗೆ ಕಾಣುತ್ತದೆ.

ಆ ಕಿರುಶಾಸನದಲ್ಲಿ ಒಂದು ಆಜ್ಞೆಯಿದೆ. ತಂದೆತಾಯಿಗಳ ಮಾತು ಕೇಳಬೇಕು, ಗುರುಹಿರಿಯರನ್ನು ಗೌರವಿಸಬೇಕು, ಶಿಷ್ಯರಿಗೆ ಇದನ್ನು ಹಿಂದಿನಿಂದ ನಡೆದುಬಂದ ರೀತಿಯಲ್ಲೇ ಕಲಿಸಬೇಕು. ಹೀಗೇಕೆ ಎಂದು ಕೇಳಿದರೆ ಶಾಸನ ಕೊಡುವ ಕಾರಣ, ಇದು ಪುರಾತನ ನಿಯಮ ಎಂಬುದು. ಅದೇ ಗುಡ್ಡದ ಹದಿಮೂರನೆಯ ಶಾಸನದಲ್ಲಿ ಐವರು ಯವನ, ಅಂದರೆ ಗ್ರೀಕ್, ಅರಸರ ಹೆಸರುಗಳಿವೆ: ಆಂಟಿಯೋಕಸ್, ಟಾಲೆಮಿ, ಆಂಟಿಗೊನಸ್, ಮಾಗಸ್, ಅಲೆಗ್ಸಾಂಡರ್. ಈ ಅಲೆಗ್ಸಾಂಡರ್ ಜಗದ್ವಿಜೇತನೆನಿಸಿಕೊಂಡವನಲ್ಲ, ಅವನ ನಂತರದ ಕಾಲದ ಒಬ್ಬ ಅರಸ. ಕ್ರಿ.ಪೂ. 3ನೆಯ ಶತಮಾನದ ನಡುಭಾಗದಲ್ಲಿ ಈ ಅಕ್ಷರಗಳು ಬಂಡೆಗೇರುತ್ತಿದ್ದ ಹೊತ್ತಿಗೆ, ಆ ಅರಸರ ಲೋಕದಲ್ಲಿ ಇದೇ ಪ್ರಶ್ನೆಯ ಮೇಲೆ ಜಗಳ ಕಾವೇರಿತ್ತು. ಒಂದು ಮಾತನ್ನು ನಾವು ಒಪ್ಪುವುದು ಅದು ಹಳೆಯದೆಂದೋ, ದೊಡ್ಡವರು ಹೇಳಿದರೆಂದೋ, ಗ್ರಂಥದಲ್ಲಿದೆಯೆಂದೋ, ಅಥವಾ ನಾವೇ ಕಂಡೆವೆಂದೋ?

ಎರ್ರಗುಡಿಯಿಂದ ತುಂಗಭದ್ರೆಯ ದಂಡೆಯವರೆಗಿನ ಈ ಸೀಮೆಗೆ ಆ ಪ್ರಶ್ನೆ ಹೊಸದಲ್ಲ. ಮಂಚಾಲೆ ಎಂಬ ಹಳೆಯ ಹೆಸರಿನ, ರಾಘವೇಂದ್ರತೀರ್ಥರ ಮಂತ್ರಾಲಯ ಇಲ್ಲಿದೆ, ವಿಜಯದಾಸರ ಚಿಪ್ಪಗಿರಿ ಇಲ್ಲಿದೆ. ಹಾಗಾಗಿ ಗ್ರೀಕರ ಕಥೆಯನ್ನು ಇಲ್ಲಿ ನಿಂತು ಓದಿದರೆ ಪಠ್ಯಪುಸ್ತಕದಲ್ಲಿ ಕಾಣದ ಕೆಲವು ಸಂಗತಿಗಳು ಕಾಣುತ್ತವೆ.

ರೂಢಿಯ ಬಲ

ಪಠ್ಯಪುಸ್ತಕದ ಕಥೆ ಸರಳ. ಗ್ರೀಕರು ಪುರಾಣ ಬಿಟ್ಟು ವಿಚಾರ ಹಿಡಿದರು, ವಿಜ್ಞಾನ ಹುಟ್ಟಿತು. ಇದರಲ್ಲಿ ಸತ್ಯಾಂಶವಿದೆ. ಕ್ರಿ.ಪೂ. 6ನೆಯ ಶತಮಾನದಲ್ಲಿ ಮಿಲೇಟಸ್ಸಿನ ಥೇಲೀಸ್ ಎಲ್ಲಕ್ಕೂ ಮೂಲ ನೀರು ಎಂದ. ಅವನ ಊರಿನವನೇ ಆದ ಅನಾಕ್ಸಿಮ್ಯಾಂಡರ್ ಅದನ್ನು ಒಪ್ಪದೆ, ಮೂಲಕ್ಕೆ ಗೊತ್ತಾದ ಗುಣವೇ ಇಲ್ಲ, ಅದು ಅನಂತ ಎಂದ. ಮೂರನೆಯವನಾದ ಅನಾಕ್ಸಿಮಿನೀಸ್ ಗಾಳಿ ಎಂದ. ಹಿಂದಿನವನನ್ನು ಮುಂದಿನವನು ತಿದ್ದುವುದೇ ಒಂದು ಪರಂಪರೆಯಾಗಿದ್ದು ಇಲ್ಲೇ ಮೊದಲು ಎಂದು 20ನೆಯ ಶತಮಾನದಲ್ಲಿ ಕಾರ್ಲ್ ಪಾಪರ್ ವಾದಿಸಿದರು. ಕ್ಸೆನೋಫನೀಸನಂತೂ ಗ್ರೀಕರ ಬಾಯಿಪಾಠದ ಕವಿಗಳಾದ ಹೋಮರ್, ಹೆಸಿಯಡ್ಡರನ್ನೇ ತರಾಟೆಗೆ ತೆಗೆದುಕೊಂಡ. ಕಳ್ಳತನ, ಹಾದರ, ಮೋಸ ಎಲ್ಲವನ್ನೂ ಇವರು ದೇವರ ತಲೆಗೆ ಕಟ್ಟಿದ್ದಾರೆ ಎಂಬುದು ಅವನ ಸಿಟ್ಟು.

ಇಂಥ ಎದುರುಮಾತು ಅಲ್ಲೇ ಏಕೆ ಬೆಳೆಯಿತು? ಜೆಫ್ರಿ ಲಾಯ್ಡ್ ಅವರಂಥ ವಿದ್ವಾಂಸರು ಉತ್ತರ ಹುಡುಕಿದ್ದು ಊರ ಸಭೆಯಲ್ಲಿ, ನ್ಯಾಯಸಭೆಯಲ್ಲಿ. ನಾಗರಿಕರ ಮುಂದೆ ವಾದಿಸಿ ಗೆಲ್ಲಬೇಕಾದ ರಾಜಕೀಯದಲ್ಲಿ ಸಾಕ್ಷಿ ತರುವುದು, ಎದುರಾಳಿಯ ಮಾತಿನ ತಪ್ಪು ಹಿಡಿಯುವುದು ದಿನದ ಕೆಲಸವಾಗಿತ್ತು. ಆ ಅಭ್ಯಾಸವೇ ವೈದ್ಯಕ್ಕೂ ಖಗೋಳಕ್ಕೂ ಹರಿಯಿತು.

ಆದರೂ ಗ್ರೀಕ್ ವಿಚಾರವೆಲ್ಲ ಹಳೆಯದರ ವಿರುದ್ಧ ಎದ್ದದ್ದೆಂದು ತಿಳಿದರೆ ತಪ್ಪಾಗುತ್ತದೆ. ಹಿಪ್ಪಾಕ್ರಟೀಸನ ಹೆಸರಿನಲ್ಲಿ ಉಳಿದಿರುವ ಪ್ರಾಚೀನ ವೈದ್ಯದ ಮೇಲಿನ ಗ್ರಂಥ ಹಳೆಯದರ ಪರ ನಿಲ್ಲುತ್ತದೆ. ಬಿಸಿ, ತಣ್ಣಗೆ, ಒದ್ದೆ, ಒಣ ಎಂಬ ನಾಲ್ಕು ತತ್ತ್ವಗಳಿಂದ ಎಲ್ಲ ರೋಗವನ್ನೂ ವಿವರಿಸಹೊರಟ ಹೊಸಬರಿಗೆ ಅದರ ಲೇಖಕ ಹೇಳುವುದಿಷ್ಟು: ಯಾವ ಊಟ ಯಾರಿಗೆ ಒಗ್ಗುತ್ತದೆ ಎಂದು ತಲೆಮಾರುಗಳಿಂದ ನೋಡಿನೋಡಿ ಕಲಿತದ್ದೇ ವೈದ್ಯ, ಅದನ್ನು ಬಿಟ್ಟು ಊಹೆಯಿಂದ ಶುರುಮಾಡಬೇಡಿ. ಇಲ್ಲಿ ಸಂಪ್ರದಾಯವೇ ಅನುಭವದ ಪರ ಇದೆ, ಹೊಸ ಸಿದ್ಧಾಂತವೇ ಕಣ್ಣುಮುಚ್ಚಿಕೊಂಡಿದೆ.

ಕಾರಣ ಕೇಳದ ರೂಢಿಯ ಶಕ್ತಿಯನ್ನು ಹೆರೊಡೋಟಸ್ ಚೆನ್ನಾಗಿ ಬಲ್ಲ. ಪದ್ಧತಿಯೇ ಎಲ್ಲರ ದೊರೆ ಎಂಬ ಕವಿಯ ಮಾತನ್ನು ಅವನು ಒಪ್ಪುತ್ತಾನೆ. ಹೊಳಗುಂದ ಮಂಡಲದ ದೇವರಗಟ್ಟಿನಲ್ಲಿ ವಿಜಯದಶಮಿಯ ರಾತ್ರಿ ಉತ್ಸವಮೂರ್ತಿಗಾಗಿ ಊರೂರಿನವರು ಕೋಲು ಹಿಡಿದು ಬಡಿದಾಡುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೊಲೀಸರು ಬಂದೋಬಸ್ತು ಮಾಡುತ್ತಾರೆ, ತಿಳಿವಳಿಕೆ ಹೇಳುತ್ತಾರೆ, ತಲೆಗಳು ಒಡೆಯುತ್ತಲೇ ಇವೆ. ಹಿರಿಯರು ಮಾಡಿಕೊಂಡು ಬಂದದ್ದು ಎಂಬ ಒಂದೇ ಉತ್ತರ ಅಲ್ಲಿ ಸಾಕಾಗುತ್ತದೆ.

ಗುರುವಿನ ಮಾತು

ರೂಢಿಯನ್ನು ಪ್ರಶ್ನಿಸಿದ ಗ್ರೀಕರು ಆ ಜಾಗದಲ್ಲಿ ಬಹುಬೇಗ ಗುರುವನ್ನು ಕೂರಿಸಿದರು. ಪೈಥಾಗೊರಸನ ಶಿಷ್ಯರು ವಾದದ ನಡುವೆ ಸಿಕ್ಕಿಬಿದ್ದರೆ 'ಅವರೇ ಹೇಳಿದ್ದಾರೆ' ಎಂದು ಮುಗಿಸಿಬಿಡುತ್ತಿದ್ದರಂತೆ. ಎಪಿಕ್ಯೂರಸ್ ತನ್ನ ಬೋಧನೆಯ ಸಾರವನ್ನು ಬಾಯಿಪಾಠ ಮಾಡಲು ಶಿಷ್ಯರಿಗೆ ಹೇಳಿದ. ಅವನು ತೀರಿಹೋದ ಎಷ್ಟೋ ಕಾಲದ ಮೇಲೂ ಪ್ರತಿ ತಿಂಗಳ ಇಪ್ಪತ್ತನೆಯ ದಿನ ಅವನ ನೆನಪಿಗೆ ಊಟ ಹಾಕುವ ಪದ್ಧತಿ ನಡೆದಿತ್ತು. ಅವನ ಪಂಥದಲ್ಲಿ ಗುರುವಿನ ಮಾತನ್ನು ಅರ್ಥೈಸುವ ಬಗ್ಗೆ ಜಗಳವಾಗುತ್ತಿತ್ತೇ ಹೊರತು ಗುರು ತಪ್ಪಿದನೆಂದು ಹೇಳುವ ವಾಡಿಕೆ ಇರಲಿಲ್ಲ.

ಪ್ಲೇಟೋನ ಅಕಾಡೆಮಿಯ ದಾರಿ ಬೇರೆ. ಅಲ್ಲಿ 20 ವರ್ಷ ಕಳೆದ ಅರಿಸ್ಟಾಟಲ್ ಗುರುವಿನ ಮೂಲ ಸಿದ್ಧಾಂತವನ್ನೇ ಖಂಡಿಸಿದ. ಗುರು, ಸತ್ಯ ಎರಡೂ ಪ್ರಿಯವಾದರೂ ಸತ್ಯಕ್ಕೆ ಮೊದಲ ಮಣೆ ಎಂಬುದು ಅವನ ನಿಲುವು. ಆದರೆ ಯಾವ ವಿಷಯವನ್ನೇ ಎತ್ತಿಕೊಳ್ಳಲಿ, ಹಿಂದಿನವರು ಏನೆಂದಿದ್ದರು ಎಂದು ಮೊದಲು ಸಾಲಾಗಿ ಹೇಳಿ, ಅವುಗಳ ತೊಡಕು ತೋರಿಸಿ, ಆಮೇಲೆ ತನ್ನ ಮಾತಿಗೆ ಬರುತ್ತಾನೆ. ಕಾವಿಗಿಟ್ಟ ಕೋಳಿಮೊಟ್ಟೆಯೊಳಗೆ ದಿನ ಕಳೆದಂತೆ ಏನು ಕಾಣುತ್ತದೆ ಎಂದು ಅವನು ಬರೆದಿದ್ದಾನೆ. ಮೂರನೆಯ ದಿನದ ಹೊತ್ತಿಗೆ ಬಿಳಿಯೊಳಗೆ ಮಿಡಿಯುವ ಕೆಂಪು ಚುಕ್ಕೆ ಕಾಣುತ್ತದೆ, ಅದೇ ಹೃದಯ. ಅದೇ ಮನುಷ್ಯ ಹೆಂಗಸರಿಗೆ ಗಂಡಸರಿಗಿಂತ ಹಲ್ಲು ಕಡಿಮೆ ಎಂದೂ ಬರೆದ. ಎಣಿಸಿ ನೋಡುವುದು ಕಷ್ಟದ ಕೆಲಸವೇನಾಗಿರಲಿಲ್ಲ. ಕಣ್ಣಿಟ್ಟು ನೋಡಬಲ್ಲವನೂ ಎಲ್ಲ ಕಡೆ ನೋಡುವುದಿಲ್ಲ.

ಅವನ ಶಾಲೆಯೂ ಅವನಿಗೆ ಕಟ್ಟುಬೀಳಲಿಲ್ಲ. ಉತ್ತರಾಧಿಕಾರಿ ಥಿಯೊಫ್ರಾಸ್ಟಸ್ ಪ್ರಕೃತಿಯಲ್ಲಿ ಎಲ್ಲಕ್ಕೂ ಉದ್ದೇಶ ಹುಡುಕುವುದರ ಮಿತಿಯನ್ನು ತೋರಿಸಿದ. ಅವನ ನಂತರದ ಸ್ಟ್ರಾಟೊ ಶೂನ್ಯ ಸಾಧ್ಯವೇ ಇಲ್ಲವೆಂಬ ಅರಿಸ್ಟಾಟಲನ ಮಾತನ್ನು ಪೂರ್ತಿ ಒಪ್ಪಲಿಲ್ಲ. ಅತ್ತ ಅಕಾಡೆಮಿ ಆರ್ಸೆಸಿಲಾಸನ ಕಾಲಕ್ಕೆ ಸಂಶಯವಾದಕ್ಕೆ ತಿರುಗಿ, ಯಾವುದನ್ನೂ ಖಚಿತವೆಂದು ಒಪ್ಪದಿರುವುದೇ ಪ್ಲೇಟೋನಿಗೆ ಸಲ್ಲಿಸುವ ನಿಷ್ಠೆ ಎಂದಿತು. ಇದು ಹೆಚ್ಚುಕಡಿಮೆ ಅಶೋಕನ ಕಾಲ.

ಗ್ರಂಥವೇ ಗುರುವಾದಾಗ

ಕ್ರಿ.ಪೂ. 86ರಲ್ಲಿ ರೋಮಿನ ಸೇನಾಪತಿ ಸುಲ್ಲಾ ಅಥೆನ್ಸನ್ನು ಮುತ್ತಿ ಹಾಳುಗೆಡವಿದ. ಅಲ್ಲಿನ ಶಾಲೆಗಳ ಗುರುಶಿಷ್ಯ ಸರಣಿ ತುಂಡಾಯಿತು, ಅಲೆಗ್ಸಾಂಡ್ರಿಯಾ, ರೋಮ್, ರೋಡ್ಸ್‌ಗಳಲ್ಲಿ ಚದುರಿದ ವಿದ್ವಾಂಸರಿಗೆ ಉಳಿದದ್ದು ಪುಸ್ತಕ. ಪ್ರಶ್ನೆ ಕೇಳಲು ಗುರುವಿಲ್ಲದಾಗ ಪುಸ್ತಕವನ್ನೇ ಕೇಳಬೇಕಾಯಿತು, ವ್ಯಾಖ್ಯಾನದ ಯುಗ ಶುರುವಾಯಿತು. ಕ್ರಿ.ಶ. 200ರ ಸುಮಾರಿಗೆ ಅಫ್ರೊಡಿಸಿಯಾಸಿನ ಅಲೆಗ್ಸಾಂಡರ್ ಅರಿಸ್ಟಾಟಲನಿಗೆ ಟೀಕೆ ಬರೆದ. 6ನೆಯ ಶತಮಾನದಲ್ಲಿ ಸಿಂಪ್ಲಿಸಿಯಸ್ ಮೂಲದ ಜೊತೆಗೆ ಆ ಟೀಕೆಯನ್ನೂ ಚರ್ಚಿಸಿದ.

ಟೀಕೆಯ ಮೇಲೆ ಟೀಕೆ ಎಂದರೆ ಮೂಗುಮುರಿಯುವವರು ಮಂಚಾಲೆಯ ಗ್ರಂಥಸರಣಿಯನ್ನು ಒಮ್ಮೆ ನೋಡಬೇಕು. ಬಾದರಾಯಣರ ಬ್ರಹ್ಮಸೂತ್ರ, ಅದರ ಮೇಲೆ 13ನೆಯ ಶತಮಾನದ ಮಧ್ವಾಚಾರ್ಯರ ಅನುವ್ಯಾಖ್ಯಾನ, ಅದಕ್ಕೆ 14ನೆಯ ಶತಮಾನದ ಜಯತೀರ್ಥರ ನ್ಯಾಯಸುಧಾ, ಸುಧೆಗೆ ರಾಘವೇಂದ್ರತೀರ್ಥರ ಪರಿಮಳ. ರಾಘವೇಂದ್ರತೀರ್ಥರು ಸನ್ಯಾಸಕ್ಕೆ ಮೊದಲು, ವೆಂಕಟನಾಥನೆಂಬ ಹೆಸರಿನಲ್ಲಿ, ಕುಂಭಕೋಣದ ಮಠದಲ್ಲಿ ಓದುತ್ತಿದ್ದ ದಿನಗಳ ಒಂದು ಪ್ರಸಂಗವನ್ನು ಮಠದ ಸಂಪ್ರದಾಯ ಹೇಳುತ್ತದೆ. ಸುಧೆಯ ಒಂದು ಪಂಕ್ತಿ ಪಾಠದಲ್ಲಿ ಬಿಡಿಸದೆ ಉಳಿದಿತ್ತು. ರಾತ್ರಿ ಗುರು ಸುಧೀಂದ್ರತೀರ್ಥರು ಬಂದು ನೋಡಿದರೆ, ಶಿಷ್ಯ ವೆಂಕಟನಾಥ ಬರೀ ನೆಲದಲ್ಲಿ ಚಳಿಗೆ ಮುದುಡಿ ಮಲಗಿದ್ದಾನೆ, ಪಕ್ಕದಲ್ಲಿ ತಾಳೆಗರಿ, ಅದರಲ್ಲಿ ಆ ಪಂಕ್ತಿಯ ವಿವರಣೆ. ಗುರು ಗರಿಯನ್ನು ಓದಿ, ತಮ್ಮ ಶಾಟಿಯನ್ನು ಶಿಷ್ಯನಿಗೆ ಹೊದಿಸಿ, ಗರಿಯನ್ನು ತೆಗೆದುಕೊಂಡು ಹೋದರು. ಪರಿಮಳಾಚಾರ್ಯ ಎಂಬ ಹೆಸರು ಬಂದದ್ದು ಹೀಗೆ ಎಂದು ಹೇಳುತ್ತಾರೆ. ನಡೆದಿರಲಿ ಬಿಡಲಿ, ಒಂದು ಗುರುಕುಲ ತನ್ನ ಬಗ್ಗೆ ಈ ಕಥೆಯನ್ನು ಹೇಳಿಕೊಳ್ಳುತ್ತದೆ ಎಂಬುದೇ ಮುಖ್ಯ. ಗುರುವಿಗಿಂತ ಒಂದು ಹೆಜ್ಜೆ ಮುಂದೆ ಹೋದ ಶಿಷ್ಯನನ್ನು ಗುರುವೇ ಮೆಚ್ಚುವುದು ಅದರ ಆದರ್ಶ.

ವೆಂಕಟನಾಥರು 1621ರಲ್ಲಿ ತಂಜಾವೂರಿನಲ್ಲಿ ಸನ್ಯಾಸ ಪಡೆದು, 1671ರಲ್ಲಿ ತುಂಗಭದ್ರೆಯ ದಡದಲ್ಲಿ ವೃಂದಾವನಸ್ಥರಾದರು. ಮಂಚಾಲೆ ಗ್ರಾಮವನ್ನು ಬಿಟ್ಟುಕೊಟ್ಟವನು ಬಿಜಾಪುರದ ಕೈಕೆಳಗೆ ಆದವಾನಿಯನ್ನು ಆಳುತ್ತಿದ್ದ ಸಿದ್ದಿ ಮಸೂದ್ ಖಾನ್ ಎಂಬುದು ಮಠದ ನೆನಪು.

ವ್ಯಾಖ್ಯಾನಕ್ಕೆ ಎರಡು ದೊಡ್ಡ ಉಪಯೋಗಗಳಿದ್ದವು. ಒಂದು, ಮರ್ಯಾದೆ ಕೆಡದೆ ಭಿನ್ನಮತ ಹೇಳುವುದು. 6ನೆಯ ಶತಮಾನದ ಅಲೆಗ್ಸಾಂಡ್ರಿಯಾದ ಫಿಲೊಪೊನಸ್ ಅರಿಸ್ಟಾಟಲನ ಭೌತಶಾಸ್ತ್ರಕ್ಕೆ ಟೀಕೆ ಬರೆಯುತ್ತಲೇ ಹೇಳಿದ: ಭಾರ ಹೆಚ್ಚಿದಷ್ಟೂ ಬೀಳುವ ವೇಗ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ, ಒಂದೇ ಎತ್ತರದಿಂದ ಎರಡನ್ನು ಬಿಟ್ಟು ನೋಡಿದರೆ ಗೊತ್ತಾಗುತ್ತದೆ. ಗೆಲಿಲಿಯೋಗೆ ಸುಮಾರು ಸಾವಿರ ವರ್ಷ ಮೊದಲಿನ ಮಾತಿದು.

ಎರಡನೆಯದು, ಎದುರಾಳಿಯನ್ನು ಉಳಿಸುವುದು. ಪಾರ್ಮೆನಿಡೀಸನ ಕಾವ್ಯ ಇಂದು ನಮಗೆ ಬಹುಪಾಲು ಸಿಗುವುದು ಸಿಂಪ್ಲಿಸಿಯಸ್ ತನ್ನ ಟೀಕೆಯಲ್ಲಿ ಅದನ್ನು ಉದ್ದಕ್ಕೆ ನಕಲು ಮಾಡಿಕೊಂಡದ್ದರಿಂದ. ಪ್ರತಿಗಳು ಅಪರೂಪವಾಗಿವೆ, ಅದಕ್ಕೇ ಬರೆದಿಡುತ್ತಿದ್ದೇನೆ ಎಂದು ಅವನೇ ಹೇಳಿದ್ದಾನೆ. ನಮ್ಮಲ್ಲಿ ಚಾರ್ವಾಕರ ಮಾತು ಉಳಿದಿರುವುದೂ ವಿಜಯನಗರ ಕಾಲದ ಸರ್ವದರ್ಶನಸಂಗ್ರಹದಂಥ ವೈದಿಕ ಗ್ರಂಥಗಳ ಪೂರ್ವಪಕ್ಷದಲ್ಲಿ, ಅಂದರೆ ಖಂಡಿಸುವ ಮೊದಲು ಎದುರಾಳಿಯ ವಾದವನ್ನು ಎತ್ತಿ ಹೇಳುವ ಭಾಗದಲ್ಲಿ. ವ್ಯಾಸತೀರ್ಥರ ನ್ಯಾಯಾಮೃತ ಅದ್ವೈತವನ್ನು ವಾದ ವಾದವಾಗಿ ಬಿಡಿಸಿ ಖಂಡಿಸಿತು. ಮಧುಸೂದನ ಸರಸ್ವತಿಯವರ ಅದ್ವೈತಸಿದ್ಧಿ ಹೆಚ್ಚುಕಡಿಮೆ ಅದೇ ಕ್ರಮದಲ್ಲಿ ಉತ್ತರಿಸಿತು, ಅದಕ್ಕೆ ರಾಮಾಚಾರ್ಯರ ತರಂಗಿಣಿ ಮರುತ್ತರ ಕೊಟ್ಟಿತು. ಇವರಲ್ಲಿ ಯಾರನ್ನು ಓದಿದರೂ ಇನ್ನೊಬ್ಬರು ಅರ್ಧ ಗೊತ್ತಾಗಿರುತ್ತಾರೆ. ಇಂದಿಗೂ ಸುಧಾಪಾಠ ಮುಗಿಸಿದ ವಿದ್ಯಾರ್ಥಿಗಳು ಸುಧಾಮಂಗಳದಲ್ಲಿ ವಿದ್ವಾಂಸರ ಸಭೆಯ ಮುಂದೆ ಕುಳಿತು ಅನುವಾದ ಮಾಡುತ್ತಾರೆ, ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ಪೂರ್ವಪಕ್ಷವನ್ನು ಬಿಟ್ಟು ಸಿದ್ಧಾಂತಕ್ಕೆ ಹಾರಲು ಅಲ್ಲಿ ಬರುವುದಿಲ್ಲ.

ಕರ್ತೃವಿಲ್ಲದ ಮಾತು

ಇಷ್ಟು ಹೋಲಿಕೆಯ ನಡುವೆ ಒಂದು ಆಳವಾದ ವ್ಯತ್ಯಾಸವಿದೆ. ಗ್ರೀಕರಲ್ಲಿ ಪ್ರಾಮಾಣ್ಯ ಸಾಮಾನ್ಯವಾಗಿ ಒಬ್ಬ ವ್ಯಕ್ತಿಯದು. ಹಿಪ್ಪಾಕ್ರಟೀಸ್ ಹೇಳಿದ, ಪ್ಲೇಟೋ ಹೇಳಿದ. ವೈದಿಕ ದರ್ಶನಗಳಲ್ಲಿ ಮೀಮಾಂಸಕರೂ ವೇದಾಂತಿಗಳೂ ವೇದವನ್ನು ನಂಬುವುದು ಅದನ್ನು ಯಾರೂ ಬರೆದಿಲ್ಲವೆಂಬ ಕಾರಣಕ್ಕೆ. ಬರೆದವನಿದ್ದರೆ ಅವನಿಗೆ ಭ್ರಮೆ ಇರಬಹುದು, ಮೋಸದ ಬುದ್ಧಿ ಇರಬಹುದು. ಕರ್ತೃವೇ ಇಲ್ಲದ ಮಾತಿಗೆ ಆ ದೋಷ ಅಂಟುವುದಿಲ್ಲ ಎಂಬುದು ವಾದ. ಒಪ್ಪುವುದು ಬಿಡುವುದು ಬೇರೆ. ವ್ಯಕ್ತಿಪೂಜೆಯಿಂದ ಪ್ರಾಮಾಣ್ಯವನ್ನು ಬಿಡಿಸುವ ಯತ್ನ ಇದೆಂಬುದನ್ನು ಗಮನಿಸಬೇಕು.

ಮಾಧ್ವರು ಇಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ಜೀವ ಬೇರೆ, ಈಶ್ವರ ಬೇರೆ, ಜಗತ್ತು ನಿಜ ಎಂಬುದು ನಮ್ಮೆಲ್ಲರ ಅನುಭವ. ವೇದವಾಕ್ಯವನ್ನು ಕೇಳುವುದಕ್ಕೂ ಅರ್ಥ ಮಾಡಿಕೊಳ್ಳುವುದಕ್ಕೂ ಆಸರೆಯಾಗುವುದು ಈ ಅನುಭವವೇ. ಆಸರೆಯಾದ ಪ್ರಮಾಣವನ್ನು ಅದರ ಮೇಲೆ ನಿಂತ ಪ್ರಮಾಣ ತಳ್ಳಿಹಾಕಲಾರದು, ಆದ್ದರಿಂದ ಅಭೇದ ಹೇಳುವಂತೆ ಕಾಣುವ ವಾಕ್ಯಕ್ಕೆ ಬೇರೆ ಅರ್ಥ ಹುಡುಕಬೇಕು. ಶಾಸ್ತ್ರವನ್ನೇ ಮುಂದಿಟ್ಟುಕೊಂಡ ಮತವೊಂದು ಶಾಸ್ತ್ರಾರ್ಥಕ್ಕೆ ಕಣ್ಣಿನ ಸಾಕ್ಷಿಯ ಅಂಕೆ ಹಾಕಿದ್ದು ಸಣ್ಣ ಮಾತಲ್ಲ.

ಇದೇ ಮತದ ಮೇಲೆ ಹಳೆಯ ಆಕ್ಷೇಪವೂ ಒಂದಿದೆ. ಮಧ್ವಾಚಾರ್ಯರು ಉದ್ಧರಿಸುವ ಎಷ್ಟೋ ವಚನಗಳು ಬೇರೆಲ್ಲೂ ಸಿಗುವುದಿಲ್ಲ ಎಂದು 16ನೆಯ ಶತಮಾನದಲ್ಲಿ ಅಪ್ಪಯ್ಯ ದೀಕ್ಷಿತರು ಎತ್ತಿ ಆಡಿದರು, ಸುಧೀಂದ್ರತೀರ್ಥರ ಗುರುಗಳಾದ ವಿಜಯೀಂದ್ರತೀರ್ಥರು ಅವರಿಗೆ ಉತ್ತರ ಬರೆದರು. ಆ ಗ್ರಂಥಗಳು ಕಾಲಗರ್ಭದಲ್ಲಿ ಕಳೆದುಹೋಗಿವೆ ಎಂಬುದು ಸಂಪ್ರದಾಯದ ಉತ್ತರ. ಆಧುನಿಕ ವಿದ್ವಾಂಸರಲ್ಲಿ ಚರ್ಚೆ ಇನ್ನೂ ಮುಗಿದಿಲ್ಲ. ಹಳಮೆಗೆ ಬೆಲೆಯಿರುವ ಕಡೆಯೆಲ್ಲ ಈ ಪ್ರಶ್ನೆ ಏಳುತ್ತದೆ. ಗ್ರೀಕರಲ್ಲಿ ಪೈಥಾಗೊರಸನ ಪಂಥದ ಪ್ರಾಚೀನರ ಹೆಸರಿಟ್ಟು, ಅವರ ಡೋರಿಕ್ ಉಪಭಾಷೆಯನ್ನೇ ಅನುಕರಿಸಿ, ಶತಮಾನಗಳ ನಂತರ ಬರೆದ ಗ್ರಂಥಗಳ ಒಂದು ರಾಶಿಯೇ ಇದೆ.

ಅಳತೆಗೆ ಸಿಕ್ಕದ್ದು

ಪರಂಪರೆ ವಿಜ್ಞಾನಕ್ಕೆ ಕೊಟ್ಟದ್ದೇನು, ಕೆಡಿಸಿದ್ದೇನು ಎಂಬುದು ಇಬ್ಬರಲ್ಲಿ ಚೆನ್ನಾಗಿ ಕಾಣುತ್ತದೆ. ಕ್ರಿ.ಶ. 2ನೆಯ ಶತಮಾನದ ಖಗೋಳಜ್ಞ ಟಾಲೆಮಿಗೆ ಕ್ರಿ.ಪೂ. 721ರ ಬ್ಯಾಬಿಲೋನಿನ ಗ್ರಹಣದ ದಾಖಲೆ ಸಿಕ್ಕಿತ್ತು. ಎಂಟು ಶತಮಾನಗಳಾಚೆಯ ಅಪರಿಚಿತರು ನೋಡಿ ಬರೆದದ್ದನ್ನು ನಂಬದೆ ಚಂದ್ರನ ಗತಿಯ ಗಣಿತವೇ ಇಲ್ಲ. ಆದರೆ ವಿಷುವಬಿಂದು ನೂರು ವರ್ಷಕ್ಕೆ ಕನಿಷ್ಠ ಒಂದು ಅಂಶ ಸರಿಯುತ್ತದೆ ಎಂದು ಹಿಪ್ಪಾರ್ಕಸ್ ಹೇಳಿದ್ದನ್ನು ಟಾಲೆಮಿ ಸರಿಯಾಗಿ ಒಂದೇ ಅಂಶ ಎಂದು ಹಿಡಿದ. ನಿಜವಾಗಿ ಒಂದು ಅಂಶಕ್ಕೆ ಸುಮಾರು 72 ವರ್ಷ ಸಾಕು.

ಅದೇ ಶತಮಾನದ ವೈದ್ಯ ಗ್ಯಾಲೆನ್ ಹಂದಿಯ ಧ್ವನಿಪೆಟ್ಟಿಗೆಯ ನರವನ್ನು ಬಿಗಿದು ಅದರ ಕಿರುಚಾಟ ತಟ್ಟನೆ ನಿಲ್ಲುವುದನ್ನು ಜನರ ಮುಂದೆ ತೋರಿಸುತ್ತಿದ್ದ. ಮಾತನ್ನು ಆಳುವುದು ಹೃದಯವಲ್ಲ, ಮಿದುಳು ಎಂದು ಸ್ಥಾಪಿಸುವುದು ಅವನ ಉದ್ದೇಶ. ರೋಮಿನ ಒಂದು ಸಭೆಯಲ್ಲಿ ತತ್ತ್ವಜ್ಞಾನಿಯೊಬ್ಬ, ಮೊದಲು ಇಂದ್ರಿಯಗಳ ಸಾಕ್ಷಿಯನ್ನು ನಂಬಬೇಕೇ ಎಂಬುದನ್ನು ಇತ್ಯರ್ಥ ಮಾಡೋಣ ಎಂದಾಗ ಗ್ಯಾಲೆನ್ ಎದ್ದು ನಡೆದ. ಹೀಗೆ ನೋಟವನ್ನೇ ನಂಬಿದವನ ಗ್ರಂಥ ಮುಂದೆ ನೋಡದಿರುವುದಕ್ಕೆ ನೆಪವಾಯಿತು. ದನದ ಮಿದುಳಿನಡಿಯ ರಕ್ತನಾಳಗಳ ಜಾಲ ಮನುಷ್ಯನಲ್ಲೂ ಇದೆಯೆಂದು ಅವನು ಬರೆದಿದ್ದ. ವೆಸಾಲಿಯಸ್ ತನ್ನ 1543ರ ಗ್ರಂಥದಲ್ಲಿ ಇಂಥ ತಪ್ಪುಗಳನ್ನು ತೆರೆದಿಡುವವರೆಗೆ ಅದು ಶರೀರಶಾಸ್ತ್ರದ ಪಾಠವಾಗಿ ನಡೆಯಿತು.

ನಮ್ಮ ಜ್ಯೋತಿಷದಲ್ಲೂ ಎರಡೂ ಮುಖಗಳಿವೆ. 6ನೆಯ ಶತಮಾನದ ವರಾಹಮಿಹಿರ, ಯವನರು ಮ್ಲೇಚ್ಛರಾದರೂ ಈ ಶಾಸ್ತ್ರ ಅವರಲ್ಲಿ ನೆಲೆಯೂರಿದೆ, ಆದ್ದರಿಂದ ಋಷಿಗಳಂತೆ ಅವರೂ ಪೂಜ್ಯರು ಎಂದ. ಕುಲ ನೋಡದೆ ತಿಳಿವಳಿಕೆಗೆ ಪ್ರಾಮಾಣ್ಯ ಕೊಟ್ಟ ಮಾತಿದು. ಆದರೆ 628ರಲ್ಲಿ ಬ್ರಹ್ಮಗುಪ್ತ, ಗ್ರಹಣವನ್ನು ನೆರಳಿನ ಲೆಕ್ಕದಿಂದಲೇ ಗಣಿಸುತ್ತ, ರಾಹುವನ್ನು ಒಪ್ಪದವರು ವೇದಸ್ಮೃತಿಗಳಿಗೆ ಹೊರಗು ಎಂದು ಬೈದ. ಅಲ್ ಬಿರೂನಿಗೆ ಇದು ತಿಳಿದೂ ತಿಳಿದೂ ಆಡಿದ ಮಾತಾಗಿ ಕಂಡಿತು. ಕಣ್ಣಿನ ನೋಟಕ್ಕೆ ಹೊಂದಿಸಿದ ದೃಗ್ಗಣಿತವೋ ಹಳೆಯ ಗ್ರಂಥವಾದ ಸೂರ್ಯಸಿದ್ಧಾಂತವೋ ಎಂಬ ಪಂಚಾಂಗದ ಜಗಳ ಇಂದಿಗೂ ತೀರಿಲ್ಲ. ಒಂದೇ ಓಣಿಯ ಎರಡು ಮನೆಗಳಲ್ಲಿ ಏಕಾದಶಿ ಬೇರೆ ಬೇರೆ ದಿನ ಬರುವುದು ಅದರಿಂದಲೇ.

ಕನಸಿನ ಕೊಂಡಿ

ಸರಣಿ ತುಂಡಾದಾಗ ಪರಂಪರೆ ಹೇಗೆ ಬೆಸೆದುಕೊಳ್ಳುತ್ತದೆ? ಪುರಂದರದಾಸರು ತೀರಿಕೊಂಡದ್ದು 1564ರಲ್ಲಿ. ಮಾನ್ವಿ ಸೀಮೆಯ ಚೀಕಲಪರ್ವಿಯಲ್ಲಿ ವಿಜಯದಾಸರು ಹುಟ್ಟಿದ್ದು 1682ರಲ್ಲಿ. ನಡುವಿನ ನೂರಕ್ಕೂ ಹೆಚ್ಚು ವರ್ಷವನ್ನು ಒಂದು ಕನಸು ದಾಟಿಸಿತು. ಪುರಂದರದಾಸರೇ ಸ್ವಪ್ನದಲ್ಲಿ ಬಂದು 'ವಿಜಯವಿಠಲ' ಅಂಕಿತ ಕೊಟ್ಟರೆಂದು ದಾಸಪರಂಪರೆ ನಂಬುತ್ತದೆ. 5ನೆಯ ಶತಮಾನದ ಅಥೆನ್ಸಿನಲ್ಲಿ ಪ್ಲೇಟೋನ ಉತ್ತರಾಧಿಕಾರಿ ಎನಿಸಿಕೊಂಡಿದ್ದ ಪ್ರೊಕ್ಲಸನೂ, ಹಿಂದಿನ ಪೈಥಾಗೊರಸಪಂಥಿ ನಿಕೊಮೇಕಸನ ಆತ್ಮವೇ ತನ್ನದು ಎಂದು ಒಂದು ಕನಸಿನಿಂದ ತಿಳಿದುಕೊಂಡಿದ್ದ. ಅವನ ಶಿಷ್ಯ ಮರೈನಸ್ ಇದನ್ನು ಗುರುವಿನ ಚರಿತ್ರೆಯಲ್ಲಿ ದಾಖಲಿಸಿದ್ದಾನೆ.

ವಿಜಯದಾಸರು 1755ರಲ್ಲಿ ದೇಹ ಬಿಟ್ಟ ಚಿಪ್ಪಗಿರಿ ಆಗಿನ ಆಲೂರು ಸೀಮೆಯದು. 1953ರಲ್ಲಿ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದರೂ, ಕಾರ್ತಿಕದ ಆರಾಧನೆಗೆ ಅಲ್ಲಿ ಕೇಳುವ ಹಾಡುಗಳ ಭಾಷೆ ಕನ್ನಡವೇ. ಸಂಸ್ಕೃತ ಪಂಡಿತರಾಗಿದ್ದ ಮಾನ್ವಿಯ ಶ್ರೀನಿವಾಸಾಚಾರ್ಯರು ಕನ್ನಡದಲ್ಲಿ ಹಾಡುವ ವಿಜಯದಾಸರನ್ನು ಕಡೆಗಣಿಸಿ, ಹೊಟ್ಟೆನೋವಿನಿಂದ ಬಳಲಿ, ದಾಸರಿಗೇ ಶರಣಾಗಿ, ಕೊನೆಗೆ ಜಗನ್ನಾಥದಾಸರಾಗಿ ಹರಿಕಥಾಮೃತಸಾರವನ್ನು ಕನ್ನಡದಲ್ಲೇ ಬರೆದ ಕಥೆ ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ವೇದಾಂತದ ವಾಕ್ಯಾರ್ಥಸಭೆಗೆ ಕಾಲಿಡಲಾಗದ ಹೆಂಗಸರ ಬಾಯಿಗೂ ಮಾಧ್ವಮತದ ತಾರತಮ್ಯ, ಪಂಚಭೇದಗಳು ಬಂದದ್ದು ಈ ಹಾಡುಗಳ ಮೂಲಕ. ಹೆಳವನಕಟ್ಟೆ ಗಿರಿಯಮ್ಮ, ಹರಪನಹಳ್ಳಿ ಭೀಮವ್ವನಂಥವರು ತಾವೇ ಹಾಡು ಕಟ್ಟಿದರು.

ಗ್ರೀಕರಲ್ಲೂ ಹೀಗೇ. ಗುರುವಾಕ್ಯವನ್ನು ಕಂಠಪಾಠ ಮಾಡಿಸಿದ ಎಪಿಕ್ಯೂರಸನ ತೋಟಕ್ಕೆ ಹೆಂಗಸರೂ ಗುಲಾಮರೂ ಬರಬಹುದಿತ್ತು. ಗುರುವನ್ನು ಖಂಡಿಸಬಹುದಾಗಿದ್ದ ಶಾಲೆಗಳಿಗೆ ಬಂದವರು ಬಹುಮಟ್ಟಿಗೆ ಬಿಡುವುಳ್ಳ ಗಂಡಸರು. ಅಕಾಡೆಮಿಯಲ್ಲಿ ಆಕ್ಸಿಯೋಥಿಯಾ, ಲಾಸ್ಥೆನಿಯಾ ಎಂಬ ಇಬ್ಬರು ಹೆಂಗಸರ ಹೆಸರು ಕೇಳಿಬರುವುದು ಅಪವಾದ. ಪರಂಪರೆಯನ್ನು ತೂಗಿ ನೋಡಲು ಹಾಗಾದರೆ ಎರಡು ಪ್ರಶ್ನೆ ಬೇಕು: ಎದುರಾಳಿಯ ಮಾತಿಗೆ ಜಾಗ ಎಷ್ಟಿದೆ, ಒಳಗೆ ಬರಲು ಯಾರಿಗೆ ಅವಕಾಶವಿದೆ. ವಾದ ಬಿಚ್ಚಿಕೊಂಡಿದ್ದ ಕಡೆ ಬಾಗಿಲು ಕಿರಿದಾಗಿತ್ತು, ಬಾಗಿಲು ಅಗಲವಾಗಿದ್ದ ಕಡೆ ವಾದಕ್ಕೆ ಎಡೆ ಕಡಿಮೆಯಿತ್ತು. ಅಥೆನ್ಸಿಗೂ ಮಂಚಾಲೆಗೂ ಈ ಮಾತು ಒಪ್ಪುತ್ತದೆ.

ಇವತ್ತು ನಮ್ಮ ಸರ್ಕಾರಿ ಶಾಲೆಗಳ ಬಾಗಿಲು ಎಲ್ಲರಿಗೂ ತೆರೆದಿದೆ. ಆದವಾನಿಯ ಯಾವ ಶಾಲೆಗೆ ಹೋಗಿ ಕೇಳಿದರೂ ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂದು ಮಕ್ಕಳು ಹೇಳುತ್ತಾರೆ. ಹೇಗೆ ಗೊತ್ತು ಎಂದರೆ ಪುಸ್ತಕದಲ್ಲಿದೆ ಎನ್ನುತ್ತಾರೆ. ಪೈಥಾಗೊರಸನ ಶಿಷ್ಯರ ಉತ್ತರಕ್ಕಿಂತ ಇದು ಮೇಲಲ್ಲ. ಎರ್ರಗುಡಿಯ ಶಾಸನದ ಕಾಲದಲ್ಲೇ ಸಾಮೋಸಿನ ಅರಿಸ್ಟಾರ್ಕಸ್ ಈ ಮಾತು ಹೇಳಿದ್ದ. ಅವನ ಮೇಲೆ ದೈವದ್ರೋಹದ ಆಪಾದನೆ ಹೊರಿಸಬೇಕೆಂದು ಸ್ಟೋಯಿಕ್ ಪಂಥದ ಕ್ಲಿಯಾಂಥೀಸ್ ಅಂದದ್ದುಂಟು. ಆದರೆ ಭೂಚಲನೆಗೆ ಗಟ್ಟಿಯಾದ ಪೂರ್ವಪಕ್ಷವೂ ಇತ್ತು. ಭೂಮಿ ಅಷ್ಟು ದೂರ ಸುತ್ತುವುದಾದರೆ ಆರು ತಿಂಗಳಿಗೊಮ್ಮೆ ನಕ್ಷತ್ರಗಳು ಒಂದಿಷ್ಟಾದರೂ ಸ್ಥಾನ ಬದಲಿಸಿದಂತೆ ಕಾಣಬೇಕಲ್ಲ? ನಕ್ಷತ್ರಗಳು ಊಹೆಗೆ ಮೀರಿದ ದೂರದಲ್ಲಿವೆ ಎಂಬುದೇ ಅರಿಸ್ಟಾರ್ಕಸನಿಗಿದ್ದ ದಾರಿ. ಆ ಸ್ಥಾನಪಲ್ಲಟವನ್ನು ಖಗೋಳಜ್ಞ ಬೆಸೆಲ್ ಅಳೆದು ಪ್ರಕಟಿಸಿದ್ದು 1838ರಲ್ಲಿ. ಈ ಪ್ರಶ್ನೆಯನ್ನೂ ಅದು ಎರಡು ಸಾವಿರ ವರ್ಷ ಉತ್ತರವಿಲ್ಲದೆ ನಿಂತದ್ದನ್ನೂ ಪಾಠದಲ್ಲಿ ಸೇರಿಸಿದರೆ ಪರೀಕ್ಷೆಗೆ ಓದುವುದು ಅರ್ಧ ಪುಟ ಹೆಚ್ಚಾದೀತು. ಸುಧೆಯ ವಿದ್ಯಾರ್ಥಿಯಿಂದ ಸಭೆ ನಿರೀಕ್ಷಿಸುವುದನ್ನು ಎಂಟನೆಯ ಕ್ಲಾಸಿನ ಹುಡುಗಿಯಿಂದಲೂ ನಿರೀಕ್ಷಿಸಲು ಅಷ್ಟು ಸಾಕು.